ದುರ್ಗೋಜಿಯ ದನಿ

ಕರಿಬಸಪ್ಪನವರು ಕೂರುವಾಗಲೊಮ್ಮೆ, ಏಳುವಾಗಲೊಮ್ಮೆ "ಅವ್ವಾ" ಅನ್ನುತ್ತಿದ್ದರು. ಹಾವೇರಿ ಕಡೆಯ ಮಂಡಿಗಳಿಗೆ ಆ ಮಾತೇ ಎಣ್ಣೆ. ಬೆಂಗಳೂರಿಗೆ ಬಂದು ನಲವತ್ತು ವರ್ಷವಾದರೂ ಅದು ಬಿಟ್ಟಿರಲಿಲ್ಲ. ಅತ್ತಿಗುಪ್ಪೆಯ ಎರಡನೇ ಮಹಡಿಯ ಮನೆಯಲ್ಲಿ ಹೆಂಡತಿ ಮುತ್ತವ್ವ ಅದನ್ನು ಫ್ಯಾನಿನ ಸದ್ದಿನ ಹಾಗೆ ಕೇಳಿಯೂ ಕೇಳದಂತೆ ಇದ್ದುಬಿಡುತ್ತಿದ್ದರು. ಹಾಗಾಗಿ ಆ ದಿನ ಬೆಳಿಗ್ಗೆ ಗಂಡ ಫೋನಿನಲ್ಲಿ ಮಾತು ಮುಗಿಸಿ, "ಅವ್ವಾ" ಅನ್ನದೆಯೇ ಕುರ್ಚಿಯಲ್ಲಿ ಕೂತಿದ್ದನ್ನು ನೋಡಿ ಆಕೆಗೆ ಗಾಬರಿಯಾಯಿತು.

"ಯಾರ್ ಸತ್ರು?" ಅಂದರು.

"ಯಾರೂ ಸತ್ತಿಲ್ಲ. ದುರ್ಗೋಜಿ ಮತ್ತ ಎದ್ದ."

ದುರ್ಗೋಜಿ ಯಾರೆಂದು ಈಗಿನ ಹುಡುಗರಿಗೆ ಹೇಳಬೇಕಾಗುತ್ತದೆ. ಮೂವತ್ತೈದು ವರ್ಷದ ಹಿಂದೆ 'ಕೆಮ್ಮಣ್ಣಿನ ಕಾಳಗ' ಅಂತೊಂದು ಚಿತ್ರ ಬಂದಿತ್ತು. ಎರಡು ಗರಡಿಮನೆಗಳ ಜಿದ್ದಿನ ಕಥೆ. ಒಂದು ಗರಡಿಯ ಪೈಲ್ವಾನ ಚನ್ನವೀರ, ನಾಯಕ. ಹಾಲಿನಂಥ ಮನಸ್ಸಿನವನು, ಎಮ್ಮೆ ಮೇಯಿಸುತ್ತಲೂ ಹಾಡು ಹೇಳುವವನು. ಇನ್ನೊಂದರ ಪೈಲ್ವಾನ ದುರ್ಗೋಜಿ, ಖಳ. ಎದುರಾಳಿಯ ಕಣ್ಣಿಗೆ ಮಣ್ಣೆರಚುವವನು, ಮಚ್ಚೆಯಿಟ್ಟ ಕೆನ್ನೆಯಲ್ಲಿ ನಗುವವನು. ಕೊನೆಯ ಕುಸ್ತಿಯಲ್ಲಿ ಚನ್ನವೀರ ಅವನ ಬೆನ್ನನ್ನು ಮಣ್ಣಿಗೆ ತಾಗಿಸುತ್ತಾನೆ, ತಮಟೆ ಬಡಿಯುತ್ತದೆ, ಥಿಯೇಟರಿನಲ್ಲಿ ಚಿಲ್ಲರೆ ತೂರುತ್ತಾರೆ, ದುರ್ಗೋಜಿ ಎದ್ದು ಜನರ ನಡುವೆ ದಾರಿ ಮಾಡಿಕೊಂಡು ಹೊರಟು ಹೋಗುತ್ತಾನೆ. ಆ ದುರ್ಗೋಜಿಯೇ ನಮ್ಮ ಕರಿಬಸಪ್ಪನವರು. ಆ ಚಿತ್ರದ ಪ್ರತಾಪದಿಂದ ಅವರಿಗೆ ವಿಜಯನಗರದಲ್ಲಿ ಬಹಳ ಕಾಲ ಬಾಡಿಗೆ ಮನೆಯೇ ಸಿಕ್ಕಿರಲಿಲ್ಲ. ಓನರಿನ ಹೆಂಡತಿ ಕಿಟಕಿಯಿಂದ ಮುಖ ನೋಡಿದವಳೇ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ಆಮೇಲೂ ಎಷ್ಟೋ ಚಿತ್ರಗಳಲ್ಲಿ ಎಷ್ಟೋ ನಾಯಕರ ಕೈಯಲ್ಲಿ ಒದೆ ತಿಂದರು. ಬರಬರುತ್ತ ಒದೆಯೂ ಕಡಿಮೆಯಾಗಿ, ಧಾರಾವಾಹಿಯ ಅಜ್ಜನಾಗಿ, ಈಗ ಕೆಲವು ವರ್ಷಗಳಿಂದ ಬರೀ ಮುತ್ತವ್ವನ ಗಂಡನಾಗಿದ್ದರು.

ಫೋನ್ ಮಾಡಿದವಳು ಸ್ಮೃತಿ ಅನ್ನುವ ನಿರ್ದೇಶಕಿ. ಆ ಹಳೇ ಚಿತ್ರವನ್ನು ಮುಂದುವರಿಸಿ ಸೀರೀಸ್ ಮಾಡುತ್ತಿದ್ದಾಳಂತೆ. ಆದರೆ ಕಥೆ ಚನ್ನವೀರನದಲ್ಲ, ದುರ್ಗೋಜಿಯದು. ಸೋತವನು ಮನೆಗೆ ಹೋಗಿ ಏನು ಮಾಡಿದ, ಹೇಗೆ ಮುದುಕನಾದ, ಅವನ ಕಡೆಯಿಂದ ನೋಡಿದರೆ ಆ ಜಿದ್ದು ಹೇಗಿತ್ತು, ಇದು. ಚನ್ನವೀರನಾಗಿದ್ದ ನಟರು ತೀರಿಕೊಂಡಿದ್ದಾರೆ. ದುರ್ಗೋಜಿ ಇದ್ದಾನಲ್ಲ, ಅವನೇ ಬೇಕು.

"ಅಂದ್ರ ನೀವು ಹೀರೋ?" ಮುತ್ತವ್ವ ಕೈಯಲ್ಲಿದ್ದ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿದರು. "ಈ ವಯಸ್ಸಿನಾಗ?"

"ಹೌದಂತ."

"ಯಾರೂ ಹೊಡ್ಯೂದಿಲ್ಲ?"

"ಹೊಡದ್ರೂ ಜನ ಅಳ್ತಾರಂತ."

ಮುತ್ತವ್ವ ಅಂದು ಗಂಡನಿಗೆ ಎರಡು ಸಲ ತುಪ್ಪ ಬಡಿಸಿದರು.

ಬಸವೇಶ್ವರನಗರದ ಆಫೀಸಿನಲ್ಲಿ ಸ್ಮೃತಿ ಕಾಲಿಗೆ ನಮಸ್ಕಾರ ಮಾಡಿ ಎದುರಿಗೆ ಕೂತಳು. ಮೂವತ್ತರ ಆಸುಪಾಸಿನ ಹುಡುಗಿ, ಕನ್ನಡಕ, ಕೈಯಲ್ಲಿ ಕಾಫಿ. ಮಾತಾಡಲು ಶುರು ಮಾಡಿದರೆ ಕಾಫಿ ಕುಡಿಯುವುದೇ ಮರೆತುಹೋಗುವಂಥವಳು. "ಸಾರ್, ಪ್ಲೀಸ್, ಒಂದೇ ಒಂದು ಸಲ ಆ ಡೈಲಾಗ್" ಅಂದಳು.

ಯಾವ ಡೈಲಾಗ್ ಅಂತ ಕೇಳುವ ಅಗತ್ಯವಿರಲಿಲ್ಲ. 'ಏಯ್ ಚನ್ನವೀರಾ! ನಿನ್ನ ಬೆನ್ನಿಗೆ ಈ ಮಣ್ಣಿನ ರುಚಿ ತೋರಿಸದಿದ್ದರೆ ನಾನು ದುರ್ಗೋಜಿಯೇ ಅಲ್ಲ!' ಮದುವೆ ಮನೆಯಲ್ಲಿ, ಬಸ್‌ಸ್ಟಾಪಿನಲ್ಲಿ, ಒಮ್ಮೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಕೂಡ ಜನ ಅವರಿಂದ ಇದನ್ನು ಕೇಳಿದ್ದರು. ಕರಿಬಸಪ್ಪನವರು ಎಂದಿನಂತೆ ಗಂಟಲು ಸವರಿಕೊಂಡು, "ಸ್ವಲ್ಪ ಶೀತ ಆಗೇತಿ ತಾಯಿ" ಅಂದರು. ಅವರ ಶೀತಕ್ಕೂ ಮೂವತ್ತೈದು ವರ್ಷ ತುಂಬಿತ್ತು.

ಸ್ಮೃತಿ ಬೇಸರ ಮಾಡಿಕೊಳ್ಳಲಿಲ್ಲ. "ಪರ್ವಾಗಿಲ್ಲ ಸಾರ್. ನಿಜ ಹೇಳ್ಬೇಕು ಅಂದ್ರೆ ನಾನು ಈ ಸೀರೀಸ್ ಬರ್ದಿದ್ದು ಆ ಡೈಲಾಗಿಂದ ಅಲ್ಲ. ಕೊನೇಲಿ ಇನ್ನೊಂದು ಮಾತು ಹೇಳ್ತೀರಲ್ಲ, ಅದ್ರಿಂದ."

"ಕಡೀಕ ನಂದೇನೂ ಮಾತಿಲ್ಲಲ್ಲ."

"ಇದೆ ಸಾರ್! ಸೋತು, ಬೆನ್ನು ತಿರುಗಿಸ್ಕೊಂಡು ನಡ್ಕೊಂಡು ಹೋಗ್ತೀರಲ್ಲ, ಆಗ ಮೆಲ್ಲಗೆ 'ಅವ್ವಾ' ಅಂತೀರ. ತಮಟೆ ಸದ್ದಲ್ಲಿ ಯಾರಿಗೂ ಕೇಳ್ಸಲ್ಲ. ನಾನು ಮೆಟ್ರೋಲಿ ಇಯರ್‌ಫೋನ್ ಹಾಕ್ಕೊಂಡು ನೋಡ್ತಿದ್ದೆ, ಟಕ್ ಅಂತ ಕೇಳ್ತು. ಅಯ್ಯೋ, ಇವನಿಗೂ ಒಬ್ಬಳು ತಾಯಿ ಇದ್ಲಾ, ಇವನು ಈಗ ಯಾರ ಹತ್ರ ಹೋಗ್ತಾನೆ ಅಂತ ಅನ್ನಿಸ್ಬಿಡ್ತು. ವಿಜಯನಗರದಲ್ಲಿ ಇಳೀಬೇಕಾದವಳು ಕೆಂಗೇರಿವರೆಗೂ ಹೋಗ್ಬಿಟ್ಟೆ ಸಾರ್. ಅದನ್ನ ಹೇಳೋವಾಗ ನಿಮ್ಮ ಮನಸ್ಸಲ್ಲಿ ಏನಿತ್ತು?"

ಕರಿಬಸಪ್ಪನವರು ಮತ್ತೆ ಗಂಟಲು ಸವರಿಕೊಂಡರು. ಆ ಚಿತ್ರೀಕರಣದ ದಿನ ಅವರು ತುಟಿ ಬಿಚ್ಚಿರಲಿಲ್ಲ. ಅದೊಂದು ಅವರಿಗೆ ಚೆನ್ನಾಗಿ ನೆನಪಿತ್ತು.

"ಆ ದನಿ ಬೇಕು ಸಾರ್ ನನಗೆ" ಅಂದಳು ಸ್ಮೃತಿ. "ದುಡ್ಡು ಹಾಕೋ ಕಂಪನಿಯವ್ರಿಗೆ ಕಥೆ ಹೇಳಕ್ಕೆ ಹೋದಾಗ ನಾನು ಆ ಒಂದು ತುಣುಕು ಕೇಳ್ಸಿದೆ ಅಷ್ಟೇ. ಒಪ್ಕೊಂಡ್ರು. ಈಗೆಲ್ಲ ಲೈವ್ ಸೌಂಡು, ಡಬ್ಬಿಂಗ್ ಇಲ್ಲ. ನೀವು ಹೇಳಿದ್ದು ಹಂಗೇ ಹೋಗುತ್ತೆ. ಆ ದನಿ ಇಲ್ದೇ ಈ ದುರ್ಗೋಜಿ ಇಲ್ಲ."

ಕರಿಬಸಪ್ಪನವರು ತಲೆಯಾಡಿಸಿ ಎದ್ದು ಬಂದರು.

ವಿಷಯ ಇಷ್ಟೇ: ದುರ್ಗೋಜಿಯ ದನಿ ಅವರದಾಗಿರಲಿಲ್ಲ. ಕರಿಬಸಪ್ಪನವರದು ಆನೆಯಂಥ ದೇಹ, ಆದರೆ ದನಿ ತೆಳ್ಳಗೆ, ಮೆತ್ತಗೆ, ಪಕ್ಕಾ ಹಾವೇರಿ. ಶೂಟಿಂಗಿನಲ್ಲಿ ಅವರು 'ಏಯ್ ಚನ್ನವೀರಾ' ಅಂದಾಗ ಲೈಟ್ ಹಿಡಿದವನು ನಕ್ಕುಬಿಟ್ಟಿದ್ದನಂತೆ. ಆಗ ಅವರ ಪಾತ್ರಕ್ಕೆ ದನಿ ಕೊಟ್ಟವರು ಜಗನ್ನಾಥ ಮೇಷ್ಟ್ರು. ಹಗಲು ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ, ಸಂಜೆ ಡಬ್ಬಿಂಗ್ ಥಿಯೇಟರ್. ನೋಡಿದರೆ ಕಡ್ಡಿಪೈಲ್ವಾನ, ಜಿರಳೆ ಕಂಡರೆ ಕುರ್ಚಿ ಹತ್ತುವ ಪೈಕಿ. ಬಾಯಿ ಬಿಟ್ಟರೆ ಮಾತ್ರ ಗುಡುಗು. ದೇವರು ಪ್ಯಾಕಿಂಗ್ ಮಾಡುವಾಗ ಇಬ್ಬರ ಗಂಟಲನ್ನು ಅದಲುಬದಲು ಮಾಡಿದ್ದಾನೆ ಅಂತ ಮುತ್ತವ್ವ ತೀರ್ಮಾನ ಕೊಟ್ಟಿದ್ದರು. ಆ ಕಾಲದಲ್ಲಿ ದನಿ ಕೊಟ್ಟವರ ಹೆಸರನ್ನು ಟೈಟಲ್ಲಿನಲ್ಲಿ ಹಾಕುವ ಪದ್ಧತಿ ಇರಲಿಲ್ಲ. ಹಾಗಾಗಿ ಜಗನ್ನಾಥ ಮೇಷ್ಟ್ರು ಯಾರಿಗೂ ಗೊತ್ತಿರಲಿಲ್ಲ, ಕರಿಬಸಪ್ಪನವರು ಎಲ್ಲರಿಗೂ ಗೊತ್ತಿದ್ದರು.

ಚಿತ್ರ ಗೆದ್ದ ಮೇಲೆ ಗಣಪತಿ ಪೆಂಡಾಲು, ರಾಜ್ಯೋತ್ಸವ ಅಂತ ಎಲ್ಲ ಕಡೆ ಕರೆಯಲು ಶುರು ಮಾಡಿದರು. ಡೈಲಾಗ್ ಹೊಡೆಯದೆ ವೇದಿಕೆಯಿಂದ ಇಳಿಯಲು ಬಿಡುತ್ತಿರಲಿಲ್ಲ. ಕೊನೆಗೆ ಇಬ್ಬರೂ ಸೇರಿ ಒಂದು ಉಪಾಯ ಹೂಡಿದರು. ಕರಿಬಸಪ್ಪನವರು ಮೈಕಿನ ಮುಂದೆ ಮೀಸೆ ತಿರುವಿ ಬರೀ ತುಟಿ ಆಡಿಸುವುದು, ಪಕ್ಕದ ಪರದೆಯ ಹಿಂದೆ ಇನ್ನೊಂದು ಮೈಕ್ ಹಿಡಿದು ಮೇಷ್ಟ್ರು ಗುಡುಗುವುದು. ಎಷ್ಟೋ ವರ್ಷ ನಡೆಯಿತು, ಒಬ್ಬನೇ ಒಬ್ಬನಿಗೂ ಅನುಮಾನ ಬರಲಿಲ್ಲ. ಲಗ್ಗೆರೆಯ ಗಣಪತಿ ಉತ್ಸವದಲ್ಲಿ ಮಾತ್ರ ಮೇಷ್ಟ್ರು ಪರದೆಯ ಹಿಂದೆ ಬಿಸಿ ಮೆಣಸಿನಕಾಯಿ ಬಜ್ಜಿ ತಿಂದು ಬಿಕ್ಕಳಿಕೆ ತರಿಸಿಕೊಂಡರು. 'ಏಯ್ ಚನ್ನ… ಹಿಕ್… ವೀರಾ!' ಕರಿಬಸಪ್ಪನವರು ಪ್ರತಿ ಹಿಕ್ಕಿಗೂ ಎದೆ ಎಗರಿಸಿ ಎಗರಿಸಿ ಸಾಕಾದರು. ದುರ್ಗೋಜಿ ಕುಡಿದು ಬಂದಿದ್ದಾನೆ ಅಂತ ಜನ ಇನ್ನೂ ಜೋರಾಗಿ ಶಿಳ್ಳೆ ಹೊಡೆದರು. ವಾಪಸು ಬರುವಾಗ ಆಟೋದಲ್ಲಿ ಇಬ್ಬರೂ ನಕ್ಕಿದ್ದು ನೋಡಿ ಆಟೋದವನು ಗಾಡಿ ನಿಲ್ಲಿಸಿ, "ಅಣ್ಣ, ಇಳೀತೀರಾ?" ಅಂತ ಕೇಳಿದ್ದ.

ಈಗ ಆ ಗುಡುಗು ಇರಲಿಲ್ಲ. ಮೂರು ವರ್ಷದ ಹಿಂದೆ ಮೇಷ್ಟ್ರ ಗಂಟಲಲ್ಲಿ ಗಂಟೊಂದು ಕಾಣಿಸಿಕೊಂಡು, ಅದನ್ನು ತೆಗೆಯುವಾಗ ದನಿಯೂ ಹೋಯಿತು. ಜೀವ ಉಳಿಯಿತು, ಉಸಿರಿನಷ್ಟು ಪಿಸುಮಾತು ಉಳಿಯಿತು.

ಮನೆಗೆ ಬಂದ ಕರಿಬಸಪ್ಪನವರು ಹೆಂಡತಿಗೆ ಎಲ್ಲ ಹೇಳಿದರು. ಮುತ್ತವ್ವ ಒಲೆ ಆರಿಸಿ ಬಂದು ಎದುರಿಗೆ ಕೂತರು.

"ನಿಜ ಹೇಳಿದ್ರ ಪಾತ್ರ ಹೋಗ್ತೈತಿ. ಹೇಳ್ದಿದ್ರ ಬಾಯಿ ಬಿಟ್ಟ ಕೂಡ್ಲೆ ಹೋಗ್ತೈತಿ" ಅಂದರು ಕೊನೆಗೆ. "ಅಲ್ರೀ, ಆ ಹುಡುಗಿ ಹೇಳಿದ್ದು ಖರೇ ಏನು? ಅವ್ವಾ ಅಂತ ಐತೇನು ಅದರಾಗ?"

"ನನಗೇನ್ ಗೊತ್ತು? ನಾ ಕಡೀತನಕ ನೋಡೇ ಇಲ್ಲ. ನೀ ನೋಡೀಯಿಲ್ಲ?"

"ನಿಮ್ಮನ್ನ ಬಡ್ಯೂದು ನಾ ಯಾಕ ನೋಡ್ಲಿ?"

ಮುತ್ತವ್ವ ನೋಡದಿದ್ದುದಕ್ಕೆ ಕಾರಣ ಅಷ್ಟೇ. ಕರಿಬಸಪ್ಪನವರು ನೋಡದಿದ್ದುದಕ್ಕೆ ಬೇರೆ ಕಾರಣವಿತ್ತು. ಆ ಕೊನೆಯ ಕುಸ್ತಿಯ ಚಿತ್ರೀಕರಣ ಕೆಂಗೇರಿಯಾಚೆ ಬಯಲಿನಲ್ಲಿ ನಡೆದಿತ್ತು. ಆಗ ಅಲ್ಲೆಲ್ಲ ರಾಗಿ ಹೊಲ. ಸುತ್ತಲ ಊರುಗಳಿಂದ ಲಾರಿಯಲ್ಲಿ ಜನ ತಂದು ಕೂರಿಸಿದ್ದರು. ಬೆಳಿಗ್ಗೆ ಮೇಕಪ್ಪಿಗೆ ಕೂತಾಗ ಊರಿನವನೊಬ್ಬ ಹುಡುಕಿಕೊಂಡು ಬಂದು, ಅವ್ವ ಹೋದಳು ಅಂತ ಹೇಳಿದ. ಅಷ್ಟು ಜನ ಕಾದಿದ್ದಾರೆ, ನಾಯಕ ನಟರು ಇದೊಂದು ದಿನ ಕೊಟ್ಟಿದ್ದಾರೆ, ನಿರ್ಮಾಪಕ ಹೆಂಡತಿಯ ಬಳೆ ಮಾರಿದ್ದಾನೆ. ಕರಿಬಸಪ್ಪ ಯಾರಿಗೂ ಹೇಳಲಿಲ್ಲ. ಸಂಜೆಯವರೆಗೆ ಹೇಳಿದ ಹಾಗೆ ಬಿದ್ದರು, ಎದ್ದರು, ಮತ್ತೆ ಬಿದ್ದರು. ಕೊನೆಗೆ 'ತಿರುಗಿ ನಡಿ' ಅಂದರು, ತಿರುಗಿ ನಡೆದರು. ಹಾಗೇ ಬಸ್ ಹತ್ತಿದರು. ಊರು ಮುಟ್ಟುವಾಗ ಅವ್ವನನ್ನು ಮಣ್ಣು ಮಾಡಿ ಮುಗಿದಿತ್ತು. ಅವರ ಕಿವಿಯಲ್ಲಿ ಇನ್ನೂ ಸೆಟ್ಟಿನ ಕೆಮ್ಮಣ್ಣಿತ್ತು. ಆ ನಡಿಗೆಯನ್ನು ಮಾತ್ರ ಅವರು ಎಂದೂ ತೆರೆಯ ಮೇಲೆ ನೋಡಿರಲಿಲ್ಲ. ಮಧ್ಯಂತರಕ್ಕೇ ಎದ್ದು ಬಂದುಬಿಡುತ್ತಿದ್ದರು, ಟೀವಿಯಲ್ಲಿ ಬಂದರೆ ಬಂದ್ ಮಾಡುತ್ತಿದ್ದರು.

ಆ ಮಧ್ಯಾಹ್ನ ಗಂಡ ಹೆಂಡತಿ ಒಂದೇ ಇಯರ್‌ಫೋನಿನ ಒಂದೊಂದು ತುದಿಯನ್ನು ಕಿವಿಗಿಟ್ಟುಕೊಂಡು ಫೋನಿನಲ್ಲಿ ಕೊನೆಯ ಕುಸ್ತಿ ನೋಡಿದರು. ತಮಟೆ, ಶಿಳ್ಳೆ, ಜೈಕಾರ. ದುರ್ಗೋಜಿ ಎದ್ದ. ಬೆನ್ನು ತಿರುಗಿಸಿದ. ನಾಲ್ಕು ಹೆಜ್ಜೆ ನಡೆದ. ಆಗ, ಎಲ್ಲ ಗದ್ದಲದ ಅಡಿಯಲ್ಲಿ, ಗುಡುಗುವ ಗಂಟಲೊಂದು ತನ್ನನ್ನು ತಾನೇ ಅದುಮಿಕೊಂಡು "ಅವ್ವಾ" ಅಂದಿತು.

ಮುತ್ತವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಕರಿಬಸಪ್ಪನವರು ಎದ್ದು ಚಪ್ಪಲಿ ಮೆಟ್ಟಿದರು.

ಮಲ್ಲತ್ತಹಳ್ಳಿ ಕೆರೆಯ ಹತ್ತಿರದ ಮನೆಯಲ್ಲಿ ಬಾಗಿಲು ತೆಗೆದವರು ಮೇಷ್ಟ್ರ ಹೆಂಡತಿ ಜಲಜಾ. ಮೇಷ್ಟ್ರು ಒಳಗೆ ಕಿಟಕಿಯ ಹತ್ತಿರ ಪೇಪರ್ ಓದುತ್ತಿದ್ದರು. ಕತ್ತಿಗೆ ಮಫ್ಲರ್. ಗೆಳೆಯನನ್ನು ಕಂಡು ಕೈಸನ್ನೆ ಮಾಡಿದರು. "ಕಾಫಿ ಮಾಡು ಅಂತಿದಾರೆ" ಅಂದರು ಜಲಜಾ. ಮೇಷ್ಟ್ರು ಹಣೆ ಚಚ್ಚಿಕೊಂಡು ಇನ್ನೊಮ್ಮೆ ಸನ್ನೆ ಮಾಡಿದರು. "ಓ, ಫ್ಯಾನ್ ಹಾಕು ಅಂತ" ಅಂದು ಜಲಜಾ ಫ್ಯಾನ್ ಹಾಕಿ, ಕಾಫಿಯನ್ನೂ ಮಾಡಲು ಹೋದರು.

"ಮೇಷ್ಟ್ರ," ಕರಿಬಸಪ್ಪನವರು ಕೂರುವುದಕ್ಕೂ ಪುರುಸೊತ್ತಿಲ್ಲದೆ ಕೇಳಿದರು, "ಕಾಳಗದ ಕಡೀಕ, ನಾ ಬೆನ್ನ ತಿರುಗಿಸಿ ಹೊಂಟಾಗ, ಅವ್ವಾ ಅಂತ ಯಾಕ ಹಾಕಿದ್ರಿ?"

ಮೇಷ್ಟ್ರು ಪೇಪರ್ ಮಡಿಸಿಟ್ಟರು. ಕಳ್ಳತನ ಸಿಕ್ಕಿಬಿದ್ದ ಹುಡುಗನ ಹಾಗೆ ನಕ್ಕರು. ಹತ್ತಿರ ಬಾ ಅಂತ ಕರೆದು, ಕಿವಿಯ ಹತ್ತಿರ ಪಿಸುಗುಟ್ಟಿದರು. ಒಂದೊಂದೇ ಮಾತು, ನಡುನಡುವೆ ಉಸಿರು.

"ತುಟಿ ಕಾಣ್ದೇ ಇದ್ದಾಗ… ನಾವು ಏನಾದ್ರೂ ಹಾಕ್ಬಹುದು ಕಣ್ರೀ. ಡಬ್ಬಿಂಗ್‌ನಲ್ಲಿ ಅದೊಂದೇ ನಮ್ಮ ಸ್ವಾತಂತ್ರ್ಯ. ಡೈರೆಕ್ಟ್ರು ಒಂದು ಬೈಗುಳ ಹಾಕಿ ಅಂದಿದ್ರು. 'ಬಿಡಲ್ಲ ಕಣೋ ನಿನ್ನ' ಅಂತ. ಆ ತುಂಡು ಮತ್ತೆ ಮತ್ತೆ ಓಡ್ಸಿ ನೋಡ್ದೆ. ಬೈಗುಳ ಕೂರ್ಲಿಲ್ಲ. ನಿಮ್ಮ ಹೆಗಲು ಬೈತಾ ಇರ್ಲಿಲ್ಲ."

"ಮತ್ತ?"

"ಎಲ್ಲಾದ್ರೂ ಕೂತ್ಕೊಂಡ್ರೆ ಸಾಕು ಅಂತಿತ್ತು. ನೀವು ಕೂತ್ಕೊಳ್ಳೋವಾಗ ಏನಂತೀರ? ಅದನ್ನೇ ಹಾಕಿದೆ. ಡೈರೆಕ್ಟ್ರು ಸಿಗರೇಟ್ ಸೇದಕ್ಕೆ ಹೊರಗಡೆ ಹೋಗಿದ್ರು."

ಕರಿಬಸಪ್ಪನವರು ನಿಂತೇ ಇದ್ದರು. ಆಮೇಲೆ, ಇಷ್ಟು ವರ್ಷದಲ್ಲಿ ಮುತ್ತವ್ವನಿಗೆ ಬಿಟ್ಟು ಯಾರಿಗೂ ಹೇಳದ ಆ ದಿನದ ಸಂಗತಿಯನ್ನು ಹೇಳಿದರು. ಮೇಷ್ಟ್ರ ಮುಖದ ನಗು ಇಳಿಯಿತು. ಕಾಫಿ ತಂದ ಜಲಜಾ ಬಾಗಿಲಲ್ಲೇ ನಿಂತರು.

"ನನ್ನ ಅವ್ವನ್ನ ಮಣ್ಣು ಮಾಡೂವಾಗ ನಾ ಇರ್ಲಿಲ್ಲ" ಅಂದರು ಕರಿಬಸಪ್ಪನವರು. "ಮಗನ ಬಾಯಿಂದ ಒಂದು ಸಲ ಅವ್ವಾ ಅಂತ ಕರ್ಸಿಕೊಳ್ಳಲಾರ್ದ ಹೋದ್ಲು ಅಂತ ತಿಳ್ಕೊಂಡಿದ್ದೆ. ನೀವು ಕರ್ದಿದ್ರಿ ಮೇಷ್ಟ್ರ. ನನ್ನ ಮಕಾ ಇಟ್ಕೊಂಡು ನೀವು ಕರ್ದಿದ್ರಿ. ಥಿಯೇಟರ್ ಥಿಯೇಟರ್‌ನಾಗ ಅಕೀನ್ನ ಕರ್ದೀರಿ, ನನಗ ಗೊತ್ತ ಇಲ್ಲ."

ಮೇಷ್ಟ್ರು ಎರಡೂ ಕೈಯಿಂದ ಅವರ ದೊಡ್ಡ ಕೈಯನ್ನು ಹಿಡಿದುಕೊಂಡರು. ಹೆಗಲು ನೋಡಿ ಮಾತು ಹಾಕಿದ್ದರೇ ಹೊರತು ಆ ಹೆಗಲಿಗೆ ಏನಾಗಿತ್ತೆಂದು ಅವರಿಗೂ ಇವತ್ತೇ ಗೊತ್ತಾಗಿದ್ದು.

"ಆ ಹುಡುಗಿಗೆ ನಾಳೆ ಖರೇ ಹೇಳ್ತೀನಿ" ಅಂದರು ಕರಿಬಸಪ್ಪನವರು.

ಮೇಷ್ಟ್ರು ಜೋರಾಗಿ ತಲೆ ಅಲ್ಲಾಡಿಸಿದರು. ಈ ಸಲ ಜಲಜಾ ಸರಿಯಾಗಿಯೇ ಅರ್ಥ ಹೇಳಿದರು. "ಹೇಳ್ಬೇಡಿ ಅಂತಿದಾರೆ. ಪಾತ್ರ ಹೋಗುತ್ತೆ ಅಂತ."

"ಹೋಗ್ಲಿ. ಬಿಕ್ಕಳಿಕಿ ನಂದಂತ ಹೇಳ್ಕೊಂಡೆ, ಗುಡುಗು ನಂದಂತ ಹೇಳ್ಕೊಂಡೆ. ಇದನ್ನ ನಂದಂತ ಹೇಳ್ಕೊಳ್ಳಾಕ ಬಾಯಿ ಬರೂದಿಲ್ಲ."

ಮರುದಿನ ಬಸವೇಶ್ವರನಗರದಲ್ಲಿ ಸ್ಮೃತಿಯ ಎದುರು ಕೂತು ಮೊದಲ ಮಾತಿಗೇ ಹೇಳಿಬಿಟ್ಟರು: ಆ ದನಿ ನನ್ನದಲ್ಲ ತಾಯಿ, ಜಗನ್ನಾಥ ಮೇಷ್ಟ್ರದು, ಅವರಿಗೆ ಈಗ ದನಿ ಇಲ್ಲ. ಹುಡುಗಿಯ ಮುಖ ಬಿಳಿಚಿತು. ಮೇಜಿನ ಮೇಲೆ ದುರ್ಗೋಜಿಯ ಹಳೇ ಪೋಸ್ಟರಿನ ಪ್ರತಿ ಇತ್ತು. ಅವಳು ಒಮ್ಮೆ ಅದನ್ನು ನೋಡಿದಳು, ಒಮ್ಮೆ ಇವರನ್ನು. ಹೋಯಿತು ಅಂದುಕೊಂಡರು ಕರಿಬಸಪ್ಪನವರು. ಹೋದದ್ದು ಹೋಯಿತು, ಮಾತಾದರೂ ಪೂರ್ತಿ ಆಗಲಿ ಅಂತ ಎಲ್ಲ ಹೇಳಿದರು. ಡಬ್ಬಿಂಗ್ ಥಿಯೇಟರು, ಲಗ್ಗೆರೆಯ ಬಿಕ್ಕಳಿಕೆ, ಬೈಗುಳ ಕೂರದ ಹೆಗಲು, ಮೇಕಪ್ಪಿನ ಕುರ್ಚಿಯಲ್ಲಿ ಕೇಳಿದ ಸುದ್ದಿ, ಕಿವಿಯಲ್ಲಿ ಉಳಿದ ಮಣ್ಣು. ಹೇಳುತ್ತ ಹೇಳುತ್ತ ಬೆಂಗಳೂರಿನ ಲೇಪವೆಲ್ಲ ಉದುರಿ ಮಾತು ಪೂರ್ತಿ ಹಾವೇರಿಯಾಯಿತು.

"ನಂದೊಂದು ಬೇಡಿಕಿ ಐತಿ" ಅಂದರು ಕೊನೆಗೆ. "ಯಾರನ್ನಾದ್ರೂ ಹಾಕ್ಕೊಂಡು ಮಾಡ್ರಿ. ಆದ್ರ ಹಳೇ ಚಿತ್ರದ ತುಣುಕು ತೋರ್ಸೂವಾಗ ಮೇಷ್ಟ್ರ ಹೆಸರು ಹಾಕ್ರಿ. ಒಂದೇ ಸಲ ಸಾಕು, ಸಣ್ಣ ಅಕ್ಷರ ಆದ್ರೂ ನಡೀತೈತಿ."

ಸ್ಮೃತಿ ಕನ್ನಡಕ ತೆಗೆದು ಒರೆಸಿದಳು. ಒರೆಸುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ಸಾರ್, ಇಷ್ಟೊತ್ತು ನೀವು ಮಾತಾಡಿದ್ರಿ" ಅಂದಳು. "ನಿಮ್ಮ ದನಿ ಸಣ್ಣದು ಅಂತ ನನಗೆ ಒಂದು ಸಲಾನೂ ಅನ್ನಿಸ್ಲಿಲ್ಲ. ನಾನು ಬರ್ದಿರೋದು ಅಖಾಡದ ದುರ್ಗೋಜಿ ಬಗ್ಗೆ ಅಲ್ಲ, ಮನೆಗೆ ಹೋದ ದುರ್ಗೋಜಿ ಬಗ್ಗೆ. ಮನೇಲಿ ಯಾರು ಸಾರ್ ಗುಡುಗ್ತಾರೆ? ಕಂಪನಿಯವ್ರು ಒಪ್ಬೇಕು, ಅವ್ರಿಗೆ ನಿಮ್ಮ ದನೀಲೇ ಒಂದು ಸೀನ್ ಮಾಡಿ ತೋರಿಸ್ಬೇಕು. ಒಪ್ಲಿಲ್ಲ ಅಂದ್ರೆ ನನ್ನ ಕೈಲೂ ಏನೂ ಇಲ್ಲ."

ಆ ಒಂದು ಸೀನಿಗೆ ತಯಾರಿ ನಡೆದದ್ದು ಮಲ್ಲತ್ತಹಳ್ಳಿ ಕೆರೆಯ ದಂಡೆಯ ಬೆಂಚಿನ ಮೇಲೆ. ಪಾಠ ಹೇಳಿಕೊಡುವುದಾಗಿ ಮೇಷ್ಟ್ರೇ ಹಟ ಹಿಡಿದರು. ಹಿಂದೆಲ್ಲ ಕರಿಬಸಪ್ಪನವರ ತುಟಿಗೆ ಅವರು ದನಿ ಕೊಟ್ಟಿದ್ದರು. ಈಗ ಮೇಷ್ಟ್ರು ತುಟಿ ಆಡಿಸುವುದು, ಇವರು ಅದಕ್ಕೆ ದನಿ ಕೊಡುವುದು. ಎಲ್ಲಿ ಉಸಿರು ಬಿಡಬೇಕು, ಎಲ್ಲಿ ಸುಮ್ಮನಿರಬೇಕು ಅನ್ನುವುದನ್ನೆಲ್ಲ ಮೇಷ್ಟ್ರು ಮೊಣಕಾಲಿನ ಮೇಲೆ ಬೆರಳು ತಟ್ಟಿ ತೋರಿಸುತ್ತಿದ್ದರು. ತಪ್ಪಿದರೆ ಹೈಸ್ಕೂಲಿನ ಅಭ್ಯಾಸ, ಕಿವಿಗೇ ಕೈ ಹಾಕುತ್ತಿದ್ದರು. ವಾಕಿಂಗಿಗೆ ಬಂದವರು ಇಬ್ಬರು ಮುದುಕರನ್ನು ನೋಡಿ, ಒಬ್ಬರು ಮೂಕರು, ಇನ್ನೊಬ್ಬರು ಪಾಪ ಅವರ ಮಾತನ್ನು ಬಿಡಿಸಿ ಹೇಳುತ್ತಿದ್ದಾರೆ ಅಂದುಕೊಂಡರು. ಅದೇನೂ ಪೂರ್ತಿ ಸುಳ್ಳಲ್ಲ.

ಕೆಂಗೇರಿಯಾಚೆ ಶೆಡ್ಡೊಂದರೊಳಗೆ ಗರಡಿಮನೆಯ ಸೆಟ್ ಹಾಕಿದ್ದರು. ಹಿಂದೆ ರಾಗಿ ಹೊಲವಿದ್ದ ಕಡೆ ಈಗ ಅಪಾರ್ಟ್‌ಮೆಂಟುಗಳು. ಕೆಮ್ಮಣ್ಣು ಮಾತ್ರ ಅದೇ ಬಣ್ಣ, ಅದೇ ವಾಸನೆ. ಮೇಷ್ಟ್ರು, ಜಲಜಾ, ಬುತ್ತಿ ಹಿಡಿದ ಮುತ್ತವ್ವ, ಮೂವರೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಸೌಂಡಿನ ಮುರಳೀಕೃಷ್ಣ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತನ್ನ ಪೆಟ್ಟಿಗೆಯ ಮುಂದಿದ್ದ.

ಸೀನು ಸರಳವಾದದ್ದು. ಮುದುಕನಾದ ದುರ್ಗೋಜಿ ಎಷ್ಟೋ ಕಾಲದ ಮೇಲೆ ತಾನು ಸೋತ ಗರಡಿಗೆ ಬರುತ್ತಾನೆ. ಅಲ್ಲಿ ಯಾರೂ ಇಲ್ಲ. ಚನ್ನವೀರನ ಹಾರ ಹಾಕಿದ ಫೋಟೋದ ಜೊತೆ ಮಾತಾಡುತ್ತಾನೆ. ಆಮೇಲೆ ಬೆನ್ನು ತಿರುಗಿಸಿ ಅಖಾಡದೊಳಗೆ ನಡೆಯುತ್ತ, ಅಂದು ಅಂದ ಹಾಗೇ 'ಅವ್ವಾ' ಅನ್ನಬೇಕು.

ಫೋಟೋದ ಜೊತೆಗಿನ ಮಾತು ಚೆನ್ನಾಗಿ ಬಂತು. "ಚನ್ನವೀರಾ, ಗೆದ್ದಾಂವ ನೀನು. ನಿನಗ ಹಾರ ಹಾಕಿ ಗ್ವಾಡೀಗೆ ಹಚ್ಯಾರ. ನಾ ಇನ್ನೂ ಬೆನ್ನಿನ ಮಣ್ಣು ಜಾಡಿಸ್ಕೊಳ್ಳಾಕತ್ತೇನಿ" ಅಂತ ಅವರು ತಮ್ಮ ತೆಳ್ಳನೆಯ ದನಿಯಲ್ಲಿ ಹೇಳಿದಾಗ ಟೀ ಹಂಚುತ್ತಿದ್ದವರು ಲೋಟ ಹಿಡಿದು ನಿಂತರು. ಕೊನೆಯ ಮಾತು ಮಾತ್ರ ಬರಲಿಲ್ಲ. ತಿರುಗಿ ನಡೆದರು, ಬಾಯಿ ತೆರೆದರು, ಹಾಗೇ ಮುಚ್ಚಿದರು. ಇನ್ನೊಮ್ಮೆ ತೆಗೆದರು, ಮತ್ತೂ ಅದೇ ಆಯಿತು. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ತಾನಾಗಿ ಬರುವ ಮಾತು, ಬೇಕು ಅಂದಾಗ ಬರಲಿಲ್ಲ. ಮುಂಗಾಲಿನಡಿ ಆ ಮಣ್ಣು ಸೋಕಿದ ಕೂಡಲೇ ಮೇಕಪ್ಪಿನ ಕುರ್ಚಿ, ಬಸ್ಸು, ಮುಗಿದುಹೋದ ಮಣ್ಣು, ಎಲ್ಲ ಒಟ್ಟಿಗೆ ಬಂದು ಗಂಟಲಲ್ಲಿ ಕೂತುಬಿಡುತ್ತಿತ್ತು.

"ಪರ್ವಾಗಿಲ್ಲ ಸಾರ್, ಸುಮ್ನೆ ನಡ್ಕೊಂಡು ಹೋಗಿ, ಸಾಕು" ಅಂದಳು ಸ್ಮೃತಿ. ಆದರೆ ಅದೇ ಮಾತಿನಿಂದ ಈ ಕಥೆ ಹುಟ್ಟಿದ್ದು, ಅದಿಲ್ಲದೆ ಕಂಪನಿಯವರ ಮುಂದೆ ಇಡುವುದೇನು ಅನ್ನುವುದು ಅವಳ ಮುಖದಲ್ಲೇ ಇತ್ತು. ಕರಿಬಸಪ್ಪನವರಿಗೂ ಅದು ಕಂಡಿತು. "ಇನ್ನೊಂದ್ ಸಲ ನೋಡೂಣು" ಅಂದರು.

ಆಗ ಜಗನ್ನಾಥ ಮೇಷ್ಟ್ರು ಕುರ್ಚಿಯಿಂದ ಎದ್ದರು. ಮಫ್ಲರ್ ಸರಿಮಾಡಿಕೊಂಡು ಮುರಳೀಕೃಷ್ಣನ ಹತ್ತಿರ ಹೋಗಿ ಕೈ ಚಾಚಿದರು. ಅವನಿಗೆ ಅರ್ಥವಾಗಲಿಲ್ಲ. ಜಲಜಾ ಕೂತಲ್ಲಿಂದಲೇ, "ಮೈಕ್ ಕೊಡಿ ಅಂತಿದಾರೆ" ಅಂದರು. ಅವನು ಸ್ಮೃತಿಯ ಮುಖ ನೋಡಿದ, ಅವಳು ಕೊಡು ಅಂತ ಸನ್ನೆ ಮಾಡಿದಳು. ಮೇಷ್ಟ್ರು ಮೈಕ್ ಹಿಡಿದು ಸೆಟ್ಟಿನ ಗೋಡೆಯ ಮರೆಗೆ ಹೋಗಿ ನಿಂತರು. ಎಷ್ಟೋ ಗಣಪತಿ ಪೆಂಡಾಲುಗಳಲ್ಲಿ ಹೀಗೆಯೇ ನಿಂತಿದ್ದರು.

ಕರಿಬಸಪ್ಪನವರು ಬೆನ್ನು ತಿರುಗಿಸಿದರು. ನಾಲ್ಕು ಹೆಜ್ಜೆ ನಡೆದರು. ಬಾಯಿ ತೆರೆದರು. ಅಷ್ಟರಲ್ಲಿ ಗೋಡೆಯ ಮರೆಯಿಂದ, ಉಸಿರಿಗಿಂತ ಚೂರೇ ದಪ್ಪಗೆ, "ಅವ್ವಾ" ಅಂತ ಬಂತು.

ಹಳೇ ಚಿತ್ರದ ಡಬ್ಬಿಂಗಿನಲ್ಲಿ ಆ ದನಿ ಹುಟ್ಟುವಾಗ ಕರಿಬಸಪ್ಪನವರು ಅಲ್ಲಿರಲಿಲ್ಲ. ಇವತ್ತು ಅದು ಅವರ ಬೆನ್ನಿಗೇ ಬಂದು ತಾಗಿತು. ಈ ಮನುಷ್ಯ ನನಗೆ ಬರೀ ದನಿ ಕೊಟ್ಟಿಲ್ಲ, ನಾನು ಕರೆಯಲಾರದ್ದನ್ನೆಲ್ಲ ತಾನೇ ಕರೆದಿದ್ದಾನೆ, ಈಗಲೂ ಇದ್ದಬದ್ದ ಉಸಿರನ್ನು ನನಗೇ ಕೊಡುತ್ತಿದ್ದಾನೆ ಅಂತ ಅವರಿಗೆ ಅನ್ನಿಸಿತು. ಹೇಗೆ ಕೈ ಮುಗಿಯುವುದು, ಮುಖ ತಿರುಗಿಸುವ ಹಾಗಿಲ್ಲ, ಕ್ಯಾಮೆರಾ ಓಡುತ್ತಿದೆ. ಹೆಗಲು ಒಂದು ಸಲ ಕುಲುಕಿತು. ಇದು ಸೀನಿನಲ್ಲಿ ಇಲ್ಲ ಅನ್ನುವುದೂ ನೆನಪಾಗದೆ, ಅವರು ಮೆಲ್ಲಗೆ ಆ ಕೆಮ್ಮಣ್ಣಿನ ಮೇಲೆ ಕೂತುಕೊಂಡರು. ಕೂರುವಾಗ, ಎಂದಿನಂತೆ, ತಾನೇ ತಾನಾಗಿ, ಅವರದೇ ತೆಳ್ಳನೆಯ ದನಿಯಲ್ಲಿ ಮಾತು ಹೊರಬಿತ್ತು.

"ಅವ್ವಾ…"

ಕಟ್ ಅನ್ನಬೇಕಾದವಳು ಅನ್ನಲಿಲ್ಲ. ಮುರಳೀಕೃಷ್ಣ ಹೆಡ್‌ಫೋನಿನ ಮೇಲೆ ಎರಡೂ ಕೈ ಒತ್ತಿಕೊಂಡು, ಎರಡು ದನಿಯೂ ಸಿಕ್ಕಿದೆ ಅಂತ ತಲೆಯಾಡಿಸಿದ. ಮೇಷ್ಟ್ರು ಗೋಡೆಯ ಮರೆಯಿಂದ ಇಣುಕಿ ನೋಡಿದರು, ಮೈಕ್ ಇನ್ನೂ ಕೈಯಲ್ಲೇ ಇತ್ತು.

ಜಲಜಾ ಅಳುತ್ತಿದ್ದರು. ಮುತ್ತವ್ವ ಬುತ್ತಿಯ ಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು, ಮಣ್ಣಿನಲ್ಲಿ ಕೂತ ಗಂಡನ ಬೆನ್ನನ್ನೇ ನೋಡುತ್ತಿದ್ದರು.

"ಮನ್ಯಾಗ ದಿನಾ ಅಂತಾರ್ರೀ ಇದನ್ನ" ಅಂದರು ಮೆಲ್ಲಗೆ. "ಇವತ್ತ ಅವ್ರವ್ವಗ ಕೇಳ್ಸಿರಬೇಕು."